‘ಪೂರ್ಣ ಬಲ’ ಎಂಬ ಆದೇಶ

ನಾಲ್ಕು ವರ್ಷಗಳ ಹಿಂದೆ ನಾನು ಇಂದಿರಾನಗರದ ಒಂದು ಗೇಮ್ ಕಂಪನಿಯಲ್ಲಿ, ಆಟ ಆಡಿಸಿ ನೋಡಿ ತಪ್ಪು ಹುಡುಕುವ ಕನ್ನಡ ಟೆಸ್ಟರ್ ಆಗಿದ್ದೆ. ಆರು ತಿಂಗಳ ಕಾಂಟ್ರ್ಯಾಕ್ಟ್. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅದೂ ಕೆ.ಆರ್. ಪುರದ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾ, ಸಂಜೆ ಕಾಲೇಜಿನಲ್ಲಿ, ಐಚ್ಛಿಕ ಕನ್ನಡ ಓದಿ. ಹೀಗಾಗಿ ಆಟದ ಆದೇಶಗಳನ್ನು ಕನ್ನಡಕ್ಕೆ ತರುವ ಕೆಲಸವೂ ನನಗೇ ಬಂತು.

ಅದು ಸಬ್‌ಮರೀನ್ ಸಿಮ್ಯುಲೇಶನ್ ಆಟ. ಮೂರನೆಯ ಹಂತದಲ್ಲಿ ನಮ್ಮ ಸಬ್‌ಮರೀನ್ ಎಂಬತ್ತು ಮೀಟರ್ ಆಳದಲ್ಲಿದ್ದರೆ, ನೆತ್ತಿಯ ಮೇಲೆ ಶತ್ರುವಿನ ಮೂರು ಯುದ್ಧನೌಕೆಗಳು. ಅವುಗಳ ಸೋನಾರ್, ಅಂದರೆ ನೀರಿನೊಳಗಿನ ಸದ್ದು ಹಿಡಿದು ಜಾಗ ಪತ್ತೆಮಾಡುವ ಸಾಧನ, ನಮ್ಮ ಮೋಟಾರಿನ ಸದ್ದಿಗೇ ಕಾದಿರುತ್ತದೆ. ಮೋಟಾರನ್ನು ನಿಧಾನವಾಗಿಟ್ಟುಕೊಂಡು, ಪರದೆಯ ಮೇಲೆ ಬರುವ ಆದೇಶದಂತೆ ನುಣುಚಿಕೊಳ್ಳಬೇಕು.

ಪರೀಕ್ಷೆಗೆಂದು ಕರೆಸಿದವರಲ್ಲಿ ಇಂಗ್ಲಿಷಿನಲ್ಲಿ ಆಡಿದವರು ಪಾರಾದರು. ಕನ್ನಡದಲ್ಲಿ ಆಡಿದ ಆರು ಮಂದಿಯೂ ಒಂದೇ ಜಾಗದಲ್ಲಿ ಮುಳುಗಿದರು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಕನ್ನಡ ಆವೃತ್ತಿಯನ್ನೇ ಕೈಬಿಡುವುದೆಂದು ಮೇಲಿನವರು ತೀರ್ಮಾನಿಸಿದರು. ಅದು ಹೋದರೆ ನನ್ನ ಕೆಲಸವೂ ಹೋದಂತೆ.

ನಮ್ಮ ಟೀಮ್ ಲೀಡ್ ಸಾದಿಕ್ ಫ್ರೇಜರ್ ಟೌನಿನವರು. ಗುರುವಾರ ಬೆಳಿಗ್ಗೆ ಅವರು, "ಕನ್ನಡ ವರ್ಷನ್‌ನಲ್ಲಿ ಶತ್ರು ಕಿವಿ ಸ್ವಲ್ಪ ಮಂದ ಮಾಡ್ಬಿಡೋಣ ರೀ. ಈಸಿ ಆಗುತ್ತೆ," ಎಂದರು.

"ನಮ್ಮವ್ರು ಅಷ್ಟೊಂದು ದಡ್ರಾ ಸರ್?" ಎಂದೆ. ಮಧ್ಯಾಹ್ನದವರೆಗೆ ಸಮಯ ಕೇಳಿಕೊಂಡೆ.

ಆಫೀಸ್ ಕ್ಯಾಬ್ ಓಡಿಸುವ ಮುನಿರಾಜಣ್ಣನನ್ನು ಕರೆದು ಆಟದ ಮುಂದೆ ಕೂರಿಸಿದೆ. ಅವರು "ಆಳಕ್ಕೆ ಇಳಿಯಿರಿ", "ನಿಧಾನ" ಎಂಬ ಆದೇಶಗಳನ್ನು ಪಾಲಿಸಿ ಎರಡು ನೌಕೆಗಳನ್ನು ದಾಟಿದರು. ಮೂರನೆಯದು ಹತ್ತಿರ ಬಂದಾಗ ಪರದೆಯಲ್ಲಿ "ಪೂರ್ಣ ಬಲ!" ಎಂದು ಮೂಡಿತು. ಮುನಿರಾಜಣ್ಣ ಮೋಟಾರಿನ ವೇಗವನ್ನು ತುದಿಯವರೆಗೆ ಏರಿಸಿದರು. ಸದ್ದು ಕೇಳಿದ ನೌಕೆ ಬಾಂಬು ಸುರಿಸಿತು.

"ಏನ್ ಮೇಡಮ್ ಇದು? ಫುಲ್ ಬಲ ಕೊಡು ಅಂತಾನೆ, ಕೊಟ್ರೆ ಮುಳುಗಿಸ್ಬಿಡ್ತಾನೆ. ಇವ್ನು ನಮ್ ಕಡೆಯವನಾ, ಆ ಕಡೆಯವನಾ?"

ನಗು ಬಂತು. ಮರುಕ್ಷಣ ಪದಪಟ್ಟಿ ತೆರೆದು ಮೂಲ ಇಂಗ್ಲಿಷ್ ಆದೇಶ ನೋಡಿದೆ. ಆ ಆದೇಶದ ಅರ್ಥ ಬಲಗಡೆಗೆ ಪೂರ್ತಿ ತಿರುಗಿಸಿ ಎಂದು. ಮಿಲಿಟರಿ ಗತ್ತು ಬರಲೆಂದು ಅದನ್ನು ಎರಡೇ ಪದಕ್ಕೆ ಇಳಿಸಿದವಳು ನಾನು.

ವಿಷಯ ಹೇಳಿದಾಗ ಮುನಿರಾಜಣ್ಣ, "ರೈಟ್ ಅಂತ ಹಾಕ್ಬಿಡಿ ಮೇಡಮ್," ಎಂದರು.

"ಆಗ ಬಸ್ ಕಂಡಕ್ಟರ್ ರೈಟ್ ರೈಟ್ ಅಂದಂಗಾಗುತ್ತಣ್ಣ. ಮತ್ತೆ ಸ್ಪೀಡೇ ಏರಿಸ್ತೀರ."

"ಪೂರ್ತಿ ಬಲಕ್ಕೆ ತಿರುಗಿಸಿ" ಎಂದು ಬರೆದುಕೊಂಡೆ. ಪದಪಟ್ಟಿ ನನ್ನ ಬಳಿಯೇ ಇತ್ತು. ಯಾರಿಗೂ ಹೇಳದೆ ಬದಲಾಯಿಸಬಹುದಿತ್ತು. ಆದರೆ ಆ ಆರು ಮಂದಿಗೆ ಆಡಲು ಬರುವುದಿಲ್ಲ ಎಂಬ ಮಾತು ಆಫೀಸಿನಲ್ಲಿ ಹಾಗೇ ಉಳಿಯುತ್ತಿತ್ತು.

"ಸರ್, ಸೋನಾರ್ ಸರಿಯಾಗಿದೆ. ಪದ ನಂದು, ತಪ್ಪೂ ನಂದೇ," ಎಂದು ಸಾದಿಕ್ ಬಳಿಗೆ ಹೋಗಿ ಹೇಳಿದೆ.

ಸಾದಿಕ್ ಕನ್ನಡಕ ತೆಗೆದಿಟ್ಟರು. "ಮೂರು ದಿನ ಕೋಡ್ ನೋಡ್ತಾ ಕೂತಿದ್ನಲ್ರೀ! ಹೋಗ್ಲಿ, ಆ ಆರು ಜನನ ನಾಳೆ ಕರೀರಿ."

ಶುಕ್ರವಾರ ಆರರಲ್ಲಿ ಐವರು ಪಾರಾದರು. ಆರನೆಯವನು ಬಂಡೆಗೆ ಗುದ್ದಿದ. ಅದು ಅವನದೇ ತಪ್ಪು. ಕನ್ನಡ ಆವೃತ್ತಿ ಉಳಿಯಿತು.

ಈಗ ನನ್ನ ಕೈಕೆಳಗೆ ನಾಲ್ವರು ಟೆಸ್ಟರ್‌ಗಳಿದ್ದಾರೆ. ಆಟಗಾರ ಸೋತರೆ ಮೊದಲು ಅವನು ಏನನ್ನು ಓದಿದ ಎಂದು ಕೇಳಿ ಎನ್ನುತ್ತೇನೆ. ನಾನು ಬರೆದ ಪದಗಳನ್ನೂ ಅವರು ಹಾಗೆಯೇ ಪರೀಕ್ಷಿಸುತ್ತಾರೆ. ಕಳೆದ ವಾರ ಎರಡನ್ನು ಹೊಡೆದುಹಾಕಿದರು.