ನಮ್ಮ ಯೆಜ್ಡಿಯ ಕೆಮ್ಮು

ಅದು 2003ನೆಯ ಇಸವಿ. ನಮ್ಮ ಮನೆಯವರು ತೀರಿಕೊಂಡು ಎರಡು ತಿಂಗಳಾಗಿತ್ತು. ಹಲಸೂರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಕಾಫಿ ಬೆರೆಸುವಾಗ ಅಭ್ಯಾಸದಂತೆ ಎರಡು ಲೋಟ ಇಟ್ಟು, ಆಮೇಲೆ ಒಂದನ್ನು ತೆಗೆದು ಒಳಗಿಡುತ್ತಿದ್ದೆ. ಉಪ್ಪಿಟ್ಟಿಗೆ ರವೆ ಒಂದೂವರೆ ಪಾವಿನ ಬದಲು ಮುಕ್ಕಾಲು ಪಾವು ಹಾಕಲು ಕೈಗೆ ಅಭ್ಯಾಸವಾಗಿರಲಿಲ್ಲ. ಮಿಕ್ಕಿದ್ದನ್ನೇ ರಾತ್ರಿಗೂ ತಿನ್ನುತ್ತಿದ್ದೆ.

ಮೆಟ್ಟಿಲ ಕೆಳಗೆ ಅವರ ಯೆಜ್ಡಿ ಬೈಕು ಹಳೆಯ ದುಪ್ಪಟಿ ಹೊದ್ದು ನಿಂತಿತ್ತು. ಇಪ್ಪತ್ತೆರಡು ವರ್ಷ ಅದೇ ಗಾಡಿಯಲ್ಲಿ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗೆ ಹೋಗಿ ಬಂದವರು ಅವರು. ಆ ಗಾಡಿ ತಯಾರಾಗುವುದೇ ನಿಂತುಹೋದಾಗ ನನ್ನ ತಮ್ಮ, "ಹೊಸ ಹಂಡ್ರೆಡ್ ಸಿಸಿ ತಗೊಳ್ಳಿ ಭಾವ, ಪೆಟ್ರೋಲೇ ಕುಡಿಯಲ್ಲ" ಎಂದಿದ್ದ. "ನಿಮ್ಮಕ್ಕನೂ ಹಳಬಳಾಗಿದ್ದಾಳೆ, ಬದಲಾಯಿಸ್ಲಾ?" ಎಂದು ಅವನ ಬಾಯಿ ಮುಚ್ಚಿಸಿದ್ದರು.

ನಮ್ಮ ಮನೆಯೆದುರಿನ ಟೀ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಇವರೂ ಇವರ ಬೈಕಿನ ಗೆಳೆಯರೂ ಸೇರುತ್ತಿದ್ದರು. ಅಂಗಡಿಯ ಎಡಕ್ಕೆ ಯೆಜ್ಡಿಗಳು, ಬಲಕ್ಕೆ ಬುಲೆಟ್‌ಗಳು. ಒಂದು ಗಾಡಿಯವರು ಇನ್ನೊಂದರ ಮೇಲೆ ಕೈಯಿಡುವಂತಿರಲಿಲ್ಲ, ಹಿಂದೆ ಕೂರುವಂತೆಯೂ ಇರಲಿಲ್ಲ. ಬುಲೆಟ್ ಕಡೆಯ ಮುಖಂಡರು ಪಕ್ಕದ ಬೀದಿಯ ಖಲೀಲ್ ಭಾಯ್. ರಸೆಲ್ ಮಾರುಕಟ್ಟೆಯಲ್ಲಿ ಅವರದು ಹಣ್ಣಿನಂಗಡಿ. ಒಮ್ಮೆ ಅವರ ಬುಲೆಟ್ ಸರ್ವೀಸಿಗೆ ಹೋಗಿದ್ದಾಗ ಇವರು "ಹತ್ತೋ, ಬಿಡ್ತೀನಿ" ಎಂದರೂ ಹತ್ತದೆ, ಸುರಿಯುವ ಮಳೆಯಲ್ಲೇ ಶಿವಾಜಿನಗರದವರೆಗೆ ನಡೆದುಕೊಂಡು ಹೋದ ಮನುಷ್ಯ.

"ಏನ್ ನಾಗರಾಜ್, ಬೆಳಿಗ್ಗೆ ಬೆಳಿಗ್ಗೆ ಬೀದಿ ಸೊಳ್ಳೆಗೆಲ್ಲಾ ಹೊಗೆ ಹಾಕ್ತಿದೀಯಾ?" ಎಂದು ಖಲೀಲ್ ಭಾಯ್ ನಮ್ಮವರನ್ನು ಕೂಗುತ್ತಿದ್ದರು.

"ನಿಂದು ಗಾಡಿನೋ ಗಾಣಾನೋ ಖಲೀಲ್? ಎಣ್ಣೆ ಸೋರ್ತಿದೆ, ಕೆಳಗೊಂದು ಡಬ್ಬಿ ಇಡು, ಮನೇಲಿ ಒಗ್ಗರಣೆಗಾಗತ್ತೆ" ಎಂದು ಇವರು.

ಇಪ್ಪತ್ತು ವರ್ಷ ಇದೇ ಮಾತು. ನಾನು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಇವರು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸುವರು. ನಮ್ಮ ಗಾಡಿಗೊಂದು ಗುಣವಿತ್ತು. ಆರಿಸಿದ ಮೇಲೆ, ಒಂದು ಕ್ಷಣ ಬಿಟ್ಟು, ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಒಂದೇ ಒಂದು ಸಣ್ಣ ಕೆಮ್ಮು. ಅದು ಕೇಳಿಸಿದರೆ ನಾನು ಕಾಫಿ ಬೆರೆಸುತ್ತಿದ್ದೆ.

ಇವರು ತೀರಿಕೊಂಡಮೇಲೆ ಒಂದು ಭಾನುವಾರ ಖಲೀಲ್ ಭಾಯ್ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು.

"ಭಾಭಿ, ಗಾಡಿ ನಿಂತಲ್ಲೇ ನಿಂತ್ರೆ ಹಾಳಾಗೋಗತ್ತೆ. ವಾರಕ್ಕೊಂದ್ಸಲ ನಾನು ಸ್ಟಾರ್ಟ್ ಮಾಡಿ, ಕೆರೆ ಸುತ್ತಿಸ್ಕೊಂಡು ತಂದು ನಿಲ್ಸ್ತೀನಿ. ಆಗ್ಬೋದಾ?"

"ನೀವಾ? ಯೆಜ್ಡಿನಾ?" ಎಂದುಬಿಟ್ಟೆ.

"ಹೆಲ್ಮೆಟ್ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ?" ಎಂದರು. ನಿಜಕ್ಕೂ ಮೆಟ್ಟಿಲ ಕೆಳಗೇ ಹೆಲ್ಮೆಟ್ ಹಾಕಿಕೊಂಡು, ಬೀದಿಯ ಎರಡೂ ಕಡೆ ನೋಡಿ ಹೊರಟರು. ಎರಡು ತಿಂಗಳಲ್ಲಿ ನಾನು ಮೊದಲ ಸಲ ನಕ್ಕದ್ದು ಅಂದು.

ಅರ್ಧ ಗಂಟೆಯಲ್ಲಿ ವಾಪಸು ಬಂದರು. ಎಂಜಿನ್ ಆರಿತು. ಒಂದು ಕ್ಷಣ. ಆಮೇಲೆ ಆ ಕೆಮ್ಮು. ನನಗರಿವಿಲ್ಲದೆ ಎರಡು ಲೋಟ ಕಾಫಿ ಬೆರೆಸಿದ್ದೆ. ಅಂದಿನಿಂದ ಆ ಒಂದು ಸದ್ದಿಗಾಗಿ ವಾರದ ಮಿಕ್ಕ ದಿನಗಳನ್ನು ದೂಡುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ.

ಯೆಜ್ಡಿಗೆ ಬರೀ ಪೆಟ್ರೋಲ್ ಹಾಕುವಂತಿಲ್ಲ, ಜೊತೆಗೆ ಎಣ್ಣೆ ಬೆರೆಸಬೇಕು, ಇಲ್ಲದಿದ್ದರೆ ಎಂಜಿನ್ ಬಿಗಿದು ನಿಂತುಬಿಡುತ್ತದೆ. ಬುಲೆಟ್‌ಗೆ ಅದು ಬೇಡ. ಎಣ್ಣೆ ಅಳೆಯಲು ಇವರು ನನ್ನ ಅಡುಗೆಮನೆಯ ಸಣ್ಣ ಸ್ಟೀಲ್ ಲೋಟವನ್ನೇ ಕದ್ದೊಯ್ದು, ಗಾಡಿಯ ಪಕ್ಕ ಮೊಳೆಗೆ ತೂಗುಹಾಕಿದ್ದರು. ಅದಕ್ಕೆ ಜಗಳವೂ ಆಗಿತ್ತು. ಪೆಟ್ರೋಲ್ ಹಾಕಿಸಬೇಕಾದ ದಿನ ಖಲೀಲ್ ಭಾಯ್‌ಗೆ ಆ ಲೋಟವನ್ನು ನಾನೇ ನೆನಪಿನಿಂದ ಕೊಡುತ್ತಿದ್ದೆ.

ಒಂದು ಭಾನುವಾರ ಅವರು ಹೊರಟಮೇಲೆ ನೋಡುತ್ತೇನೆ, ಲೋಟ ಮೊಳೆಯಲ್ಲೇ ಇತ್ತು. ಕೆರೆಯವರೆಗೆ ತಾನೇ, ಪೆಟ್ರೋಲ್ ಹಾಕಿಸಲಾರರು ಎಂದುಕೊಂಡು ಅಡುಗೆಮನೆಗೆ ಹೋದೆ. ಓಡಿಹೋಗಿ ಕೂಗಿದ್ದರೆ ತಿರುವಿನಲ್ಲಿ ಸಿಗುತ್ತಿದ್ದರು.

ಎಂಟೂವರೆಯಾದರೂ ಸದ್ದಿಲ್ಲ. ಒಂಬತ್ತೂಕಾಲಿಗೆ ರವೆ ಹುರಿಯುತ್ತಿದ್ದಾಗ ಟೀ ಅಂಗಡಿಯ ಕಡೆ ನಗು ಕೇಳಿಸಿತು. ಹೊರಗೆ ಬಂದೆ. ಖಲೀಲ್ ಭಾಯ್ ಇಂದಿರಾನಗರದ ಕಡೆಯಿಂದ ಬೈಕು ತಳ್ಳಿಕೊಂಡು ಬರುತ್ತಿದ್ದರು. ಹೆಲ್ಮೆಟ್ ಕೈಯಲ್ಲಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

"ಏನ್ ಖಲೀಲ್ ಭಾಯ್, ಪಾರ್ಟಿ ಬದಲಾಯಿಸಿದ್ರಾ?" ಎಂದು ಅವರ ಬುಲೆಟ್ ಗೆಳೆಯರೇ ಕೂಗಿದರು. "ತಳ್ಳಿ ಗುರು ತಳ್ಳಿ, ಯೆಜ್ಡಿಗೆ ಎರಡೆರಡು ಸೈಲೆನ್ಸರ್, ಸದ್ದು ಮಾತ್ರ ಇಲ್ಲ!"

ಅವರು ಆ ಕಡೆ ತಿರುಗಲೇ ಇಲ್ಲ. ನೇರ ನಮ್ಮ ಬಾಗಿಲಿಗೆ ಬಂದು ಸ್ಟಾಂಡ್ ಹಾಕಿದರು.

"ಬಂಕಲ್ಲಿ ಫುಲ್ ಮಾಡಪ್ಪಾ ಅಂದ್ಬಿಟ್ಟೆ ಭಾಭಿ. ಇಪ್ಪತ್ತು ವರ್ಷದ ಬಾಯಿ ಅಭ್ಯಾಸ. ಎಣ್ಣೆ ನೆನಪೇ ಆಗ್ಲಿಲ್ಲ. ಎಂಜಿನ್ ಸೀಜ್ ಆಗಿದೆ." ಸೀಟಿನ ಮೇಲೆ ಕೈಯಿಟ್ಟು, "ನಾಗರಾಜನ ಗಾಡಿನ ನಾನೇ ಕೈಯಾರೆ ಮುಗಿಸ್ಬಿಟ್ಟೆ" ಎಂದರು.

ಲೋಟದ ವಿಷಯ ನಾನು ಹೇಳಬಹುದಿತ್ತು. ಹೇಳಲಿಲ್ಲ. "ಇರಲಿ ಬಿಡಿ" ಎಂದು ಬಾಗಿಲು ಹಾಕಿಕೊಂಡೆ. ಒಲೆಯ ಮೇಲೆ ರವೆ ಸೀದುಹೋಗಿತ್ತು.

ಮರುದಿನ ಖಲೀಲ್ ಭಾಯ್ ಒಂದು ಗೂಡ್ಸ್ ಆಟೋ ತಂದು ಗಾಡಿ ಒಯ್ದರು. ಆಮೇಲೆ ಆರು ಭಾನುವಾರ ಮೆಟ್ಟಿಲ ಕೆಳಗೆ ನೆಲದ ಮೇಲಿನ ಎಣ್ಣೆಯ ಕಲೆ ಮಾತ್ರ. ಶಿವಾಜಿನಗರದ ಗುಜರಿಯಲ್ಲಿ ಅವರು ಪಿಸ್ಟನ್ ಹುಡುಕಿ ಅಲೆಯುತ್ತಿದ್ದಾರೆಂದು ಟೀ ಅಂಗಡಿಯವನಿಂದ ತಿಳಿಯಿತು. ಎಡಗಡೆಯ ಯೆಜ್ಡಿಯವರ ಮುಂದೆ ತಾವಾಗಿ ಹೋಗಿ ನಿಂತು, ತಾವು ಮಾಡಿದ ತಪ್ಪು ಹೇಳಿ, ಒಳ್ಳೆಯ ಮೆಕ್ಯಾನಿಕ್ ಯಾರೆಂದು ಕೇಳಿದರಂತೆ. ಅಂದು ಯಾರೂ ತಮಾಷೆ ಮಾಡಲಿಲ್ಲವಂತೆ.

ಏಳನೆಯ ಭಾನುವಾರ ಅಡುಗೆಮನೆಯಲ್ಲಿದ್ದಾಗ ದೂರದಿಂದ ಯೆಜ್ಡಿಯ ಸದ್ದು ಬಂತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿದೆ. ಖಲೀಲ್ ಭಾಯ್ ಈ ಸಲ ತಲೆಗೆ ಹೆಲ್ಮೆಟ್ ಹಾಕಿರಲಿಲ್ಲ. ಟೀ ಅಂಗಡಿಯವರೆಲ್ಲ ನೋಡುತ್ತಿರುವಾಗಲೇ ಬಾಗಿಲಿಗೆ ಬಂದು ನಿಲ್ಲಿಸಿ ಎಂಜಿನ್ ಆರಿಸಿದರು.

ಕಾದೆ. ಏನೂ ಇಲ್ಲ. ಪಿಸ್ಟನ್ ಬದಲಾಗಿತ್ತು, ಎಂಜಿನ್ ಸೊಲ್ಲೆತ್ತದೆ ಆರಿಹೋಗಿತ್ತು.

ಅಷ್ಟು ಅಲೆದ ಮನುಷ್ಯನ ಮನಸ್ಸು ನೋಯಿಸಬಾರದೆಂದು, "ಮೊದಲಿನ ಹಾಗೇ ಆಗಿದೆ ಭಾಯ್" ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಇಲ್ಲ ಭಾಭಿ. ಕೆಮ್ಮು ಹೋಯ್ತು."

"ನಿಮಗೆ... ಅದು ಗೊತ್ತಾ?" ಎಂದೆ.

"ಇಪ್ಪತ್ತು ವರ್ಷ ಬೈದಿದ್ದೀನಿ ಆ ಗಾಡಿನ. ಅದ್ರ ಕೆಮ್ಮು ನಂಗೆ ಗೊತ್ತಿಲ್ವಾ?" ಎಂದು ಮೆಟ್ಟಿಲ ಮೇಲೆ ಕುಳಿತು ಮುಖ ಒರೆಸಿಕೊಂಡರು. ಆಗ ನಾನೂ ಲೋಟದ ವಿಷಯ ಹೇಳಿದೆ. ಅವರು ತಲೆಯಾಡಿಸಿದರು. ಆ ದಿನ ಅವರ ಜೊತೆ ಕುಳಿತು ಕಾಫಿ ಕುಡಿದೆ.

ಮುಂದೆ ಎಷ್ಟೋ ವರ್ಷ ಖಲೀಲ್ ಭಾಯ್ ಭಾನುವಾರ ತಪ್ಪಿಸಲಿಲ್ಲ. ಹೊರಡುವ ಮುಂಚೆ ಮೊಳೆಯ ಲೋಟವನ್ನು ಒಮ್ಮೆ ಮುಟ್ಟಿ ನೋಡುವರು. ನನ್ನ ಒಂಟಿತನವೇನೂ ಕಡಿಮೆಯಾಗಲಿಲ್ಲ. ಆದರೆ ಪ್ರತಿ ಸಲ ಎಂಜಿನ್ ಆರಿಸಿದ ಮೇಲೆ ಅವರು ತಕ್ಷಣ ಇಳಿಯುತ್ತಿರಲಿಲ್ಲ, ನಾನೂ ತಕ್ಷಣ ಒಳಗೆ ಹೋಗುತ್ತಿರಲಿಲ್ಲ. ಕೆಮ್ಮು ಬರುತ್ತಿದ್ದ ಆ ಒಂದು ಕ್ಷಣ ಇಬ್ಬರೂ ಕಾಯುತ್ತಿದ್ದೆವು. ಆಮೇಲೆ ಅವರು "ಸರಿ ಭಾಭಿ" ಎನ್ನುವರು. ನಾನು ಕಾಫಿ ಬೆರೆಸಲು ಹೋಗುತ್ತಿದ್ದೆ.