ಸೊಸೆ ಕೇಳಿದ ಕಲ್ವಾ

"ಏನ್ ತಿನ್ಬೇಕು ಅನಸ್ತದ ಹೇಳವ್ವ. ಏನಿದ್ರೂ ಮಾಡ್ಕೊಡ್ತೀನಿ."

ಹೀಗೆ ಮಾತು ಕೊಡುವಾಗ ನನ್ನ ಹೆಂಡತಿಗೆ ಮುಂದೇನು ಕಾದಿದೆ ಅಂತ ಗೊತ್ತಿರಲಿಲ್ಲ. ನಮ್ಮ ಸೊಸೆ ವೈಶಾಲಿ ಕಾರವಾರದವಳು. ಬಸುರಿ. ಏನು ತಿಂದರೂ ವಾಂತಿ. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಾಳೆ. ರಕ್ತ ಕಡಿಮೆಯಾಗಿ ಡ್ರಿಪ್ ಹಾಕಿಸಿಕೊಂಡು ಬಂದಿದ್ದಳು.

"ಕಲ್ವಾ," ಅಂದಳು ಮೆಲ್ಲಗೆ.

ಕಲ್ವಾ ಅಂದರೆ ಸಮುದ್ರದ ಬಂಡೆಗೆ ಅಂಟಿ ಬೆಳೆಯುವ ಸಿಂಪಿ. ಚಿಪ್ಪು ಬಿಡಿಸಿ ಒಳಗಿನ ಮಾಂಸ ಬೇಯಿಸುತ್ತಾರೆ. (ಮುತ್ತು ಸಿಗುತ್ತಾ ಅಂತ ಕೇಳಿದೆ. ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು.)

ನಾವೂ ಮೀನು ತಿನ್ನುವವರೇ. ಆದರೆ ನಮ್ಮೂರ ಡ್ಯಾಮಿನ, ಕಂಪ್ಲಿ ಕಡೆಯ ಹೊಳೆಮೀನು. ಚಿಪ್ಪಿನೊಳಗಿರುವುದೆಲ್ಲ ನನ್ನ ಹೆಂಡತಿಯ ಪಾಲಿಗೆ ಹುಳ. ಆದರೂ ಮಾರ್ಕೆಟ್ಟಿಗೆ ಹೋದಳು. ಮೀನು ಮಾರುವಾಕೆ ನಕ್ಕಳಂತೆ. "ಡ್ಯಾಮಿನಾಗ ಎಲ್ಲಿ ಸಿಗ್ತದಕ್ಕಾ ಅದು?"

ಡಾಕ್ಟರನ್ನೂ ಕೇಳಿದೆವು. "ಒಳ್ಳೇದ ಐತ್ರಿ. ಐರನ್, ಜಿಂಕ್, ಪ್ರೊಟೀನ್ ಎಲ್ಲಾ ಸಿಗ್ತದ. ಆದ್ರ ಫ್ರೆಶ್ ಇರ್ಬೇಕು. ಹಸಿ ಬ್ಯಾಡ, ಪೂರ್ತಿ ಬೇಯಿಸ್ರಿ."

ಹೆಂಡತಿ ಬೀಗರಿಗೆ ಫೋನ್ ಹಚ್ಚಿದಳು. ಮಾರನೆಯ ದಿನವೇ ವೈಶಾಲಿಯ ಅಪ್ಪ ಕಾರವಾರದ ಬಸ್ಸಿಳಿದು, ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದರು. ಮಗಳನ್ನು ನೋಡಿ ಅವಳ ಕೈ ಹಿಡಿದು ಕುಳಿತರು. ಅವಳ ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು ಒಲೆಯ ಮುಂದೆ ನಿಂತಳು. ಬೀಗತಿ ಸ್ಪೀಕರ್ ಫೋನಿನಲ್ಲಿದ್ದರು.

"ಕಾಯಿ ಸ್ವಲ್ಪ ಜಾಸ್ತಿ ಹಾಕಿ."

"ಒಂದೀಟು ಶೇಂಗಾ ಪುಡಿ ಹಾಕ್ಲೇನ್ರಿ?"

"ಅಯ್ಯೋ, ಬೇಡ."

ಮಗ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ. ವೈಶಾಲಿ ಊಟಕ್ಕೆ ಕುಳಿತಳು. ಮೊದಲ ತುತ್ತು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಇನ್ನೊಂದು ತುತ್ತು. ವಾಂತಿ ಬರಲಿಲ್ಲ. ತಟ್ಟೆ ಖಾಲಿ ಮಾಡಿ, "ಇನ್ನೂ ಸ್ವಲ್ಪ ಅನ್ನ ಹಾಕಿ ಅತ್ತೆ" ಅಂದಳು. ಅವಳಪ್ಪ ಎದ್ದು ಹಿತ್ತಿಲಿಗೆ ಹೋದರು. ಬಹಳ ಹೊತ್ತು ಮುಖ ತೊಳೆಯುತ್ತಿದ್ದರು.

ಎಲ್ಲರ ಊಟವಾದ ಮೇಲೆ, ಬಾಣಲೆಯ ತಳದಲ್ಲಿ ಉಳಿದದ್ದೊಂದನ್ನು ಹೆಂಡತಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು.

"ಹೆಂಗೈತಿ?" ಅಂದೆ.

"ಮೆತ್ತಗೈತಿ. ಮೊದ್ಲು ಉಪ್ಪುಪ್ಪು, ಆಮ್ಯಾಲ ಸಿಹಿ. ಚಲೋ ಐತಿ." ಬಾಣಲೆ ಕೆಳಗಿಟ್ಟಳು. "ಬಸುರಾಗೋ ಮುಂಚೆ ದಿನಾ ರೊಟ್ಟಿ ತಿಂತಿದ್ಲಲ್ರಿ ಈ ಹುಡುಗಿ. ಸೇರ್ತದ ಅಂತನ ಅನ್ಕೊಂಡಿದ್ದೆ."

ಮನೆಗೆ ಬಂದವಳಿಗೆ ಹೊಂದಿಕೊಂಡು ಹೋಗಮ್ಮ ಅನ್ನುತ್ತೇವೆ. ಅವಳು ಹೊಂದಿಕೊಳ್ಳುತ್ತಾಳೆ. ಹೇಗೆ ಅಂತ ಯಾರು ಕೇಳುತ್ತಾರೆ?

ನಾಲಿಗೆಗೂ ಒಂದು ತವರಿದೆ ಅಂತ ನಮಗೆ ತಿಳಿಯಲು, ಆಕೆ ಊಟ ಬಿಡುವವರೆಗೂ ಕಾಯಬೇಕೇ?