ಕಳಕಮ್ಮ ಫ್ಯಾನು ತಿರುವಿ ಹಾಕಿದ್ದು

ಗಂಡ ಸತ್ತ್ರೂ ಕಳಕಮ್ಮ ಅಳಲಿಲ್ಲ ಅಂತ ಊರೆಲ್ಲಾ ಆಡಿಕೊಂಡ್ತು. ಎಲುಬಿಲ್ಲದ ನಾಲಿಗಿ, ಹೆಂಗ ಬೇಕಾದ್ರೂ ಹೊಳ್ಳತೈತಿ. ಪ್ರಭುರಾಜನ್ನ ಮಣ್ಣು ಮಾಡಿ ಬಂದ ದಿನ ಅಕಿ ಕೈಯಾಗಿನ ಬಳಿ ತಗದ್ರು. ಅವನ್ನ ತೊಡಿಸಿದಾಕಿ ನಾನ. ನಾನು ಹಂಪವ್ವ, ತಾವರಗೇರಾದಾಗ ಅವರ ಸ್ಟುಡಿಯೋದ ಮಗ್ಗಲಾಗ ನಂದು ಬಳಿ ಅಂಗಡಿ. ನನಗ ಅಳು ತಡೀಲಿಲ್ಲ, ಅಕಿನ ನನ್ನ ಬೆನ್ನು ಸವರಿದ್ಲು.

ಆಮ್ಯಾಲೆ ಒಂದಿನ ಕೇಳಿದೆ, "ಏನವಾ, ಒಳಗ ಏನಾಗೇತಿ ನಿನಗ?"

"ಏನೂ ಆಗಿಲ್ಲ ಹಂಪಕ್ಕ. ಕಾಲು ಮಡಚಿ ಭಾಳೊತ್ತು ಕುಂತ್ರ ಜೋಮು ಹಿಡಿತೈತಲ್ರಿ, ಹಂಗ ಮೈಯೆಲ್ಲಾ."

ಹುಲಿಹೈದರದ ಹೆಣ್ಣುಮಗಳು. ಪ್ರಭುರಾಜ ಮದುವಿ ವಿಡಿಯೋ ತಗೀತಿದ್ದ, ಲಗ್ನ ಆಗಿ ಬಂದ ಮ್ಯಾಲೆ ಇಕೀನೂ ಕಲ್ತು ಅವನ ಜೋಡಿ ಕುಂತ್ಲು. ಅಂಗಡಿ ಅಂದ್ರ ಒಂದು ಶಟರ್, ಒಬ್ಬರು ಎದ್ರ ಇನ್ನೊಬ್ಬರು ಕಾಲು ಮಡಚಬೇಕು. ಬಾಗಿಲ ಕಡೆ ಕೌಂಟರ್, ಅಲ್ಲಿ ಇಕಿ ಸ್ಟೂಲು. ಗ್ವಾಡಿ ಕಡೆ ಅವನ ಕುರ್ಚಿ. ಇಬ್ಬರ ನಡುವ ನೆಲದ ಮ್ಯಾಲೆ ಕಂಪ್ಯೂಟರಿನ ಡಬ್ಬಿ. ಅದರ ಮಾರಿ ಅವನ ಮೊಣಕಾಲಿಗೆ, ಬೆನ್ನು ಇಕಿ ಕಾಲಿಗೆ.

ಅದು ಒಳಗ ನೀರು ತಿರುಗೋ ಕಂಪ್ಯೂಟರ್. ಹುಬ್ಬಳ್ಳಿಯಿಂದ ತಂದಿದ್ದ. "ಟ್ರ್ಯಾಕ್ಟರಿನ ರೇಡಿಯೇಟರ್ ಇದ್ದಂಗ ನೋಡ್ರಿ ಅಕ್ಕಾ," ಅಂತ ನನಗೂ ಪಾಠ ಹೇಳಿದ್ದ. "ಕಾದ ನೀರು ಮುಂದಿನ ಜಾಲರಿಗೆ ಬರ್ತೈತಿ, ಫ್ಯಾನಿನ ಗಾಳಿಗೆ ಆರಿ ಒಳಗ ಹೋಗ್ತೈತಿ."

ಪಾಠ ಛಲೋ ಇತ್ತು, ಕಂಪ್ಯೂಟರ್ ಮಾತ್ರ ಮಾತು ಕೇಳ್ತಿರಲಿಲ್ಲ. ಮದುವಿ ವಿಡಿಯೋ ಎಲ್ಲಾ ಜೋಡಿಸಿ ಒಂದ ಫೈಲ್ ಮಾಡಿ ಹೊರಗ ತಗ್ಯಾಕ ಹಚ್ಚಿದ್ರ ಅರ್ಧಕ್ಕ ಕಾದು ಬಂದ್ ಆಗೋದು. ಅವನಿಗೆ ಸಿಟ್ಟ ಬರ್ತಿರಲಿಲ್ಲ. ಡಬ್ಬಿ ಮಗ್ಗಲ ಮುಚ್ಚಳ ತಗದಿಟ್ಟು, "ಅದಕ್ಕೂ ದಣಿವು ಇರ್ತೈತಿ, ಚಾ ಕುಡ್ಯೂಣು ಬರ್ರಿ" ಅಂತಿದ್ದ. ಲುಂಗಿ ಮೊಣಕಾಲ ಮ್ಯಾಲೆ ಎತ್ತಿ ಕಟ್ಟಿಕೊಂಡ ಕೂಡ್ತಿದ್ದ. "ಏನೋ, ಗಂಗಾವತಿಗೆ ಭತ್ತ ನಾಟಿ ಮಾಡಾಕ ಹೊಂಟಿಯೇನು?" ಅಂತ ನಾ ಕಾಡಿಸ್ತಿದ್ದೆ. ನಗ್ತಿದ್ದ, ಲುಂಗಿ ಇಳಿಸ್ತಿರಲಿಲ್ಲ.

ಬೇವೂರಾಗ ಒಂದು ಮದುವಿ ಮುಗಿಸಿ, ಕ್ಯಾಮೆರಾ ಚೀಲಕ್ಕ ಹಾಕಿ, ಎದಿ ಹಿಡಕೊಂಡು ಕುಂತಾಂವ ಏಳಲಿಲ್ಲ.

ದಿನ ಕರ್ಮ ಮುಗದ್ವು. ಅವನ ಅಣ್ಣ ಕೊಟ್ರಪ್ಪ ಬಂದ. ಕೆಟ್ಟ ಮನಷ್ಯಾ ಅಲ್ಲ, ಆದ್ರ ತಾನು ಹೇಳಿದ್ದ ಖರೆ ಅನ್ನಾಂವ. "ಪದೇ ಪದೇ ನಿಲ್ಲೋ ಮಷಿನ್ ಇಟ್ಕೊಂಡು ಏನು ಮಾಡ್ತಿಯವಾ? ಮಾರೂಣು. ಅಂಗಡಿ ಬಿಡೂಣು. ನಮ್ಮ ಮನ್ಯಾಗ ಇರು, ಅಡಗಿ ಮನಿ ನಿಂದ."

ಅಡಗಿ ಮನಿ ಏನು ದೊಡ್ಡ ಗೌಡಕಿ ಏನು? ನನಗ ಮೈ ಉರೀತು. ಕಳಕಮ್ಮನ ದನಿ ಏರಲಿಲ್ಲ. "ಬೇವೂರಿನ ಮದುವಿ ವಿಡಿಯೋ ಉಳದೈತ್ರಿ ಭಾವಾರ. ಅದು ನಿಲ್ಲದಂಗ ಮುಗದ್ರ ಅಂಗಡಿ ನನಗ ಬಿಡ್ರಿ. ನಿಂತ್ರ ನೀವು ಹೇಳಿದಂಗ."

ಕೊಟ್ರಪ್ಪ ಹೂಂ ಅಂದ. ಅವನ ಎದುರಿಗೇ ಆ ವಿಡಿಯೋ ಹಚ್ಚಿದ್ಲು. ಆಡಿಕೊಳ್ಳೋರ ಮುಂದ ಎಡವಿ ಬಿದ್ದಂಗ, ಅರ್ಧಕ್ಕ ಗಪ್ಪಂತ ನಿಂತ್ತು. "ಸೋಮವಾರ ಬರ್ತೀನಿ, ಇನ್ನೊಮ್ಮೆ ನೋಡು," ಅಂದು ಹೋದ. ಸೋತೆ ಅನ್ನೋ ದುಃಖನೂ ಅಕಿ ಮಾರಿ ಮ್ಯಾಲೆ ಇರಲಿಲ್ಲ. ಗ್ವಾಡಿ ನೋಡಿದಂಗ ಅದನ್ನ ನೋಡ್ಕೋತ ಕುಂತಿದ್ಲು.

ಕೈ ಹಿಡದು ನನ್ನ ಅಂಗಡಿಗೆ ಕರಕೊಂಡು ಬಂದೆ. ಸುಡು ಬ್ಯಾಸಿಗಿ, ಕೂಲರ್ ಹಚ್ಚಿದ್ದೆ. ಧೂಳು ಬರ್ತೈತಿ ಅಂತ ಹಿಂದಿನ ಕಿಟಕಿ ಹಾಕಿದ್ದೆ, ಮುಂದಿನ ಬಾಗಿಲಾನೂ ಎಳಕೊಂಡಿದ್ದೆ. ಬಂದಾಕೀನ ಹೋಗಿ ಕಿಟಕಿ ತಗದ್ಲು. "ಗಾಳಿ ಹೊರಗ ಹೋಗಾಕ ದಾರಿ ಇಲ್ಲಂದ್ರ ಕೂಲರ್ ಏನು ಮಾಡ್ತೈತ್ರಿ ಹಂಪಕ್ಕ? ಕುದ್ಯಾಕ ಹತ್ತೀರಿ," ಅಂದ್ಲು. ಅಂದಾಕಿ ಕಿಟಕಿ ಮುಂದ ಹಂಗ ನಿಂತ್ಲು. ನಾ ನೀರು ಕೊಟ್ರೂ ಕುಡೀಲಾರದ ಸ್ಟುಡಿಯೋಕ ಹೋದ್ಲು. ನಾನೂ ಬೆನ್ನು ಹತ್ತಿದೆ.

ಡಬ್ಬಿ ಬೆನ್ನು ತಿರುಗಿಸಿ ನೋಡಿದ್ಲು. ಗಾಳಿ ಹೋಗೋ ತೂತಿಗೆ ಫ್ಲೆಕ್ಸಿನ ತುಂಡು ಅಳತಿ ಸರಿಯಾಗಿ ಕತ್ತರಿಸಿ, ಸುತ್ತಲೂ ಟೇಪ್ ಹೊಡದಿದ್ದ ಪುಣ್ಯಾತ್ಮ. ಹಿಂದಿನ ಫ್ಯಾನು ಬಿಚ್ಚಿ ಡ್ರಾವರಿನ್ಯಾಗ ಇಟ್ಟಿದ್ದ. ಜಾಲರಿ ಮ್ಯಾಲಿನ ಫ್ಯಾನೆಲ್ಲಾ ಗಾಳಿ ಒಳಗ ಎಳ್ಯೂದು ಬಿಟ್ಟು, ಒಳಗಿನ ಬಿಸಿನ ಮುಂದಕ್ಕ ಊದ್ತಿದ್ವು.

"ಧೂಳಿಗೆ ಅಂತ ಮುಚ್ಚಿರಬೇಕು," ಅಂದ್ಲು. "ಒಳಗ ತಣ್ಣನ ಗಾಳಿ ಬರಾಕ ಎಲ್ಲೂ ದಾರಿ ಇಲ್ಲ. ಕಾದ ಗಾಳಿನ ಜಾಲರಿಗೆ ಹೊಡದ್ರ ನೀರು ಹೆಂಗ ಆರ್ತೈತಿ?"

"ಇಷ್ಟು ತಿಳೀಲಿಲ್ಲೇನು ಅವನಿಗೆ? ನನಗ ಪಾಠ ಹೇಳಾಕ ಬರ್ತಿದ್ದ," ಅಂದೆ.

ಅಕಿ ಟೇಪು, ಫ್ಲೆಕ್ಸು ಕಿತ್ತು ಒಗದ್ಲು. ಜಾಲರಿಗೆ ಮೆತ್ತಿದ್ದ ಧೂಳು ಬ್ರಷ್‌ನಿಂದ ತಗದ್ಲು. ಮುಂದಿನ ಫ್ಯಾನು ಒಂದೊಂದ ಬಿಚ್ಚಿ ತಿರುವಿ ಹಾಕಿದ್ಲು, ಹೊರಗಿನ ಗಾಳಿ ಒಳಗ ಬರೂಹಂಗ. ಡ್ರಾವರಿನ ಫ್ಯಾನು ಹಿಂದ ಕೂಡಿಸಿದ್ಲು, ಬಿಸಿ ಹೊರಗ ಹೋಗೂಹಂಗ. ಊದಿನಕಡ್ಡಿ ಹಚ್ಚಿ ಡಬ್ಬಿ ಮುಂದ ಹಿಡಿದ್ಲು. ಹೊಗಿ ಮುಂದಿನಿಂದ ಒಳಗ ಹೋಗಿ ಹಿಂದ ಹೊರಗ ಬಂತು.

ಸೋಮವಾರ ಕೊಟ್ರಪ್ಪ ಬಂದು ಪ್ರಭುರಾಜನ ಕುರ್ಚಿ ಮ್ಯಾಲೆ ಕುಂತ. ಕಳಕಮ್ಮ ಹಚ್ಚಿದ್ಲು. ಅರ್ಧ ಆತು, ನಿಲ್ಲಲಿಲ್ಲ. ನಾ ಅಂಗಡಿ ಬಿಟ್ಟು ಬಾಗಿಲಾಗ ನಿಂತು ಮನಿ ದೇವರನ್ನೆಲ್ಲಾ ಕರದೆ. ಬೇವೂರಿನ ಮದುವಿ ಕಡೀತನಕ ಬಂದು ಮುಗೀತು. ಕೊಟ್ರಪ್ಪ ಎದ್ದು ತನ್ನ ಹತ್ರ ಇದ್ದ ಅಂಗಡಿಯ ಇನ್ನೊಂದು ಕೀಲಿ ಕೌಂಟರ್ ಮ್ಯಾಲೆ ಇಟ್ಟ. "ನಡಸವಾ," ಅಂದು ಹೋದ.

ನನಗ ಕುಣಿಯೂಹಂಗ ಆಗಿತ್ತು. ಅಕಿ ಮಾತ್ರ ಸ್ಟೂಲ್ ಮ್ಯಾಲೆ ಬಗ್ಗಿ ಕುಂತು, ಸೀರಿ ಸ್ವಲ್ಪ ಎತ್ತಿ ತನ್ನ ಕಾಲು ನೋಡಿಕೊಳ್ಳಾಕತ್ತಿದ್ಲು.

"ಹಂಪಕ್ಕ, ಉರಿಯಾಕತ್ತಾವ್ರಿ."

"ಏನವಾ?"

"ಕಾಲು. ಈ ಡಬ್ಬಿ ಬಂದ ಹೊಸದಾಗಿ ಹಿಂಗ ಬಿಸಿ ಗಾಳಿ ಬಡೀತಿತ್ತು. ಕಾಲು ಉರಿತಾವ್ರಿ ಅಂತ ಒಂದ ಸಲ ಅಂದಿದ್ದೆ ಅವರಿಗೆ. ಮರುದಿನದಿಂದ ಬಡೀಲಿಲ್ಲ. ಬಿಸಿಲು ಕಡಿಮಿ ಆಗಿರಬೇಕು ಅಂದ್ಕೊಂಡು ಮರತಬಿಟ್ಟೆ."

ಅಕಿ ಅವನ ಕುರ್ಚಿ ನೋಡಿದ್ಲು. ನನಗ ಆ ಎತ್ತಿ ಕಟ್ಟಿದ ಲುಂಗಿ ನೆನಪಾತು. ಇಷ್ಟು ವರ್ಷ ಆ ಬಿಸಿ ಎಲ್ಲಾ ತನ್ನ ಮೊಣಕಾಲಿಗೆ ತಿರುವಿಕೊಂಡು ಕುಂತಿದ್ದ. ಮಷಿನ್ ನಿಂತು ಮಂದಿ ನಕ್ಕ್ರೂ ಬಾಯಿ ಬಿಟ್ಟಿರಲಿಲ್ಲ.

"ಸ್ಟೂಲ್ ಆಕಡೆ ಸರಿಸಿಕೋ," ಅಂದೆ.

"ಇರ್ಲಿ ಬಿಡ್ರಿ," ಅಂದ್ಲು. ಕಾಲು ಅಲ್ಲೇ ಇಟ್ಟುಕೊಂಡು, ಕೌಂಟರ್ ಮ್ಯಾಲೆ ತಲಿ ಹಾಕಿ, ಆವತ್ತು ಅತ್ಲು.

ಫೋಟೋ ತಗಿಸಾಕ ಯಾರೋ ಬಂದು ನಿಂತಿದ್ರು. ನಾನ ಹೊರಗ ಹೋಗಿ, ಸ್ವಲ್ಪ ತಡದು ಬರ್ರಿ ಅಂತ ಹೇಳಿ ಕಳಿಸಿದೆ.